ಉಪ್ಪಿನ ಗಣಿಯಲ್ಲಿ ನೆನಪಾದ ಯಲವಿಗಿ

ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಡಿದವರಿಗೆ ನಮ್ಮೂರು ಗೊತ್ತಿರುತ್ತದೆ. ಕುಂದಗೋಳ, ಸಂಶಿ, ಗುಡಗೇರಿ ದಾಟಿದ ಮೇಲೆ ಬರುವುದು ಯಲವಿಗಿ. ಸವಣೂರು ತಾಲೂಕು. ಲಕ್ಷ್ಮೇಶ್ವರಕ್ಕೆ ಹೋಗುವವರು ಇಲ್ಲೇ ಇಳಿದು ಬಸ್ಸು ಹಿಡಿಯುತ್ತಾರೆ. ನಿಲ್ಲದ ಗಾಡಿಯಲ್ಲಿ ಕುಳಿತವರು ಹಳದಿ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಊರು ಹಿಂದೆ ಹೋಗಿರುತ್ತದೆ. ಸುತ್ತ ಎರೆಹೊಲ, ಹತ್ತಿ, ಗೋವಿನಜೋಳ, ಮೆಣಸಿನಕಾಯಿ. ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು.

ಇಂಥ ಊರಿನವನಾದ ನಾನು ಉಪ್ಪಿನ ಬಗ್ಗೆ ಇಷ್ಟುದ್ದ ಬರೆಯಲು ಕಾರಣ ಒಂದು ಪ್ರವಾಸ. ಕೆಲಸದ ನಿಮಿತ್ತ ಪೋಲೆಂಡಿನ ಕ್ರಾಕೋವ್ ನಗರಕ್ಕೆ ಹೋಗಿದ್ದೆ. ಒಂದು ಭಾನುವಾರ ಖಾಲಿ ಸಿಕ್ಕಿತು. ಊರಿನಿಂದ ಹದಿನಾಲ್ಕು-ಹದಿನೈದು ಕಿ.ಮೀ. ದೂರದ ವಿಯೆಲಿಚ್ಕಾದಲ್ಲಿ ಹಳೆಯ ಉಪ್ಪಿನ ಗಣಿ ಇದೆ, ನೋಡದೆ ಹೋಗಬೇಡ ಎಂದು ಜೊತೆಗಾರರು ಹೇಳಿದರು. ಉಪ್ಪಿಗೂ ಗಣಿಯೇ! ನನ್ನ ತಲೆಯಲ್ಲಿ ಉಪ್ಪು ಎಂದರೆ ಗೋಣಿಚೀಲ, ಸಂತೆ, ಮಳೆಗಾಲದಲ್ಲಿ ನೀರೊಡೆಯುವ ಮಣ್ಣಿನ ಗಡಿಗೆ. ಹೋಗಿ ನೋಡಿಯೇ ಬಿಡೋಣ ಅಂತ ಹೊರಟೆ.

ಇಳಿಯುವುದು

ಗಣಿಗೆ ಡಾನಿಲೋವಿಚ್ ಎಂಬ ಬಾವಿಯ ಮೂಲಕ ಇಳಿಸುತ್ತಾರೆ. ಬಾವಿ ಎಂದರೆ ನೀರಿನದ್ದಲ್ಲ, ಗಣಿಯ ಕಂಡಿ. ಮರದ ಮೆಟ್ಟಿಲುಗಳು ಸುತ್ತಿ ಸುತ್ತಿ ಕೆಳಗೆ ಹೋಗುತ್ತವೆ. ಮೊದಲ ಹಂತಕ್ಕೇ ಸುಮಾರು 380 ಮೆಟ್ಟಿಲು. ಎಣಿಸಲು ಶುರು ಮಾಡಿ ನೂರಕ್ಕೆ ಬಿಟ್ಟೆ :) ಅಷ್ಟು ಇಳಿದರೆ ನೆಲದಿಂದ 64 ಮೀಟರ್ ಕೆಳಗೆ ಗಣಿಯ ಮೊದಲ ಮಟ್ಟ ಸಿಗುತ್ತದೆ. ಒಟ್ಟು ಒಂಬತ್ತು ಮಟ್ಟಗಳಿವೆ, ಎಲ್ಲಕ್ಕಿಂತ ಕೆಳಗಿನದು 327 ಮೀಟರ್ ಆಳದಲ್ಲಿ. ಸುರಂಗಗಳೆಲ್ಲವನ್ನೂ ಕೂಡಿಸಿದರೆ 240 ಕಿ.ಮೀ. ಮೀರುತ್ತದೆ. ಪ್ರವಾಸಿಗರಿಗೆ ತೋರಿಸುವುದು ಅದರಲ್ಲಿ ಮೂರೂವರೆ ಕಿ.ಮೀ. ಮಾತ್ರ, ಅದೂ 135 ಮೀಟರ್ ಆಳದವರೆಗೆ. ಅಷ್ಟಕ್ಕೇ ಎರಡು-ಮೂರು ಗಂಟೆ ಬೇಕು.

ಒಳಗೆ ಹೋದ ಕೂಡಲೇ ನನಗೆ ನಿರಾಸೆಯಾಯಿತು, ನಿಜ ಹೇಳಬೇಕು. ಬೆಳ್ಳಗೆ ಹೊಳೆಯುವ ಗೋಡೆ ಕಾಣುತ್ತದೆ ಎಂದುಕೊಂಡಿದ್ದೆ. ಕಂಡದ್ದು ಬೂದು ಬಣ್ಣದ ಕಲ್ಲು, ನಮ್ಮ ಕಡೆಯ ಗ್ರಾನೈಟ್ ಇದ್ದ ಹಾಗೆ. ಇದೇ ಉಪ್ಪು ಎಂದರು. ನಂಬಿಕೆ ಬರದವರು ನೆಕ್ಕಿ ನೋಡಬಹುದು ಎಂದರು. ಸುತ್ತಮುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬೆರಳು ಒರೆಸಿ ನಾಲಗೆಗೆ ಹಚ್ಚಿದೆ. ಉಪ್ಪೇ! ಕಾಲ ಕೆಳಗೆ, ತಲೆಯ ಮೇಲೆ, ಎಡಬಲ ಎಲ್ಲಾ ಉಪ್ಪು. ಸುಮಾರು ಒಂದು ಕೋಟಿ ಮೂವತ್ತು ಲಕ್ಷ ವರ್ಷಗಳ ಹಿಂದೆ ಕಾರ್ಪೇಥಿಯನ್ ಬೆಟ್ಟಗಳ ಬುಡದಲ್ಲಿ ಒಂದು ಸಮುದ್ರವಿತ್ತಂತೆ. ಅದು ಬತ್ತಿ ಉಪ್ಪು ಪದರ ಪದರವಾಗಿ ಕೂತಿತು, ಮೇಲೆ ಮಣ್ಣು ಬಿತ್ತು, ಬೆಟ್ಟಗಳು ಒತ್ತಿ ಮಡಿಚಿದವು. ಅಂದರೆ ಇದೂ ಸಮುದ್ರದ ಉಪ್ಪೇ, ಹೂತುಹೋದ ಸಮುದ್ರದ್ದು.

ರಾಣಿಯ ಉಂಗುರ, ರಾಜನ ಖಜಾನೆ

ಈ ಗಣಿಗೆ ಒಂದು ಕಥೆ ಇದೆ. ಹಂಗೇರಿಯ ರಾಜ ನಾಲ್ಕನೇ ಬೇಲಾನ ಮಗಳು ಕಿಂಗಾ. ಹದಿಮೂರನೇ ಶತಮಾನದಲ್ಲಿ ಕ್ರಾಕೋವಿನ ರಾಜ ಬೊಲೆಸ್ಲಾವನನ್ನು ಮದುವೆಯಾದಳು. ತವರಿನಿಂದ ಏನು ಬೇಕು ಎಂದು ಅಪ್ಪ ಕೇಳಿದಾಗ ಬಂಗಾರ-ಬೆಳ್ಳಿ ಬೇಡ, ನನ್ನ ಹೊಸ ನಾಡಿನ ಜನರಿಗೆ ಉಪ್ಪು ಬೇಕು ಎಂದಳಂತೆ. ಅಪ್ಪ ಒಂದು ಉಪ್ಪಿನ ಗಣಿ ಕೊಟ್ಟ. ಅವಳು ಉಂಗುರ ತೆಗೆದು ಆ ಗಣಿಯಲ್ಲಿ ಎಸೆದಳು. ಪೋಲೆಂಡಿಗೆ ಬಂದ ಮೇಲೆ ಒಂದು ಜಾಗ ತೋರಿಸಿ ಇಲ್ಲಿ ಅಗೆಯಿರಿ ಎಂದಳು. ಅಗೆದರೆ ಕಲ್ಲಿನಂಥ ಉಪ್ಪು ಬಂತು, ಮೊದಲ ಹೆಂಟೆ ಒಡೆದರೆ ಒಳಗೆ ಅದೇ ಉಂಗುರ! ತವರಿನ ಉಡುಗೊರೆಯಾಗಿ ಉಪ್ಪು ಕೇಳಿದ ಹೆಣ್ಣುಮಗಳ ಕಥೆ ನಮ್ಮ ಗರತಿಯರ ಬಾಯಲ್ಲೂ ಚೆನ್ನಾಗಿ ಒಪ್ಪುತ್ತದೆ. ಕಿಂಗಾಳನ್ನು 1999ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸಂತಳೆಂದು ಘೋಷಿಸಿದರು. ಅವರೂ ಕ್ರಾಕೋವಿನ ಸೀಮೆಯವರೇ.

ಕಥೆ ಇರಲಿ, ಇತಿಹಾಸಕ್ಕೆ ಬರೋಣ. ಇಲ್ಲಿನ ಜನ ಕಲ್ಲುಪ್ಪು ಸಿಗುವ ಸಾವಿರಾರು ವರ್ಷ ಮೊದಲೇ ಉಪ್ಪುನೀರಿನ ಬುಗ್ಗೆಗಳಿಂದ ನೀರು ತುಂಬಿ, ಮಣ್ಣಿನ ಪಾತ್ರೆಗಳಲ್ಲಿ ಕುದಿಸಿ ಉಪ್ಪು ಮಾಡುತ್ತಿದ್ದರು. ಹದಿಮೂರನೇ ಶತಮಾನದಲ್ಲಿ ಪಕ್ಕದ ಬೊಖ್ನಿಯಾದಲ್ಲೂ ಇಲ್ಲೂ ಕಲ್ಲುಪ್ಪು ಸಿಕ್ಕಿತು. ಸಿಕ್ಕಿದ ಕೂಡಲೇ ಅದು ರಾಜನದಾಯಿತು. ಮಹಾ ಕಾಸಿಮಿರ್ ಎಂಬ ದೊರೆ 1368ರಲ್ಲಿ ಈ ಗಣಿಗಳಿಗೆ ಕಟ್ಟುಕಟ್ಟಳೆ ಬರೆಸಿದ. ಆ ಕಾಲಕ್ಕೆ ರಾಜ್ಯದ ಖಜಾನೆಗೆ ಬರುತ್ತಿದ್ದ ಹಣದಲ್ಲಿ ಮೂರರಲ್ಲೊಂದು ಪಾಲು ಉಪ್ಪಿನದು. ಇದೇ ದೊರೆ 1364ರಲ್ಲಿ ಕ್ರಾಕೋವಿನಲ್ಲಿ ವಿಶ್ವವಿದ್ಯಾಲಯ ಕಟ್ಟಿದಾಗ ಮೇಷ್ಟ್ರುಗಳ ಪಗಾರಕ್ಕೆ ಗೊತ್ತು ಮಾಡಿದ್ದು ವಿಯೆಲಿಚ್ಕಾದ ಉಪ್ಪಿನ ಹುಟ್ಟುವಳಿಯನ್ನು. ಮುಂದೆ ಕೊಪರ್ನಿಕಸ್ ಕಲಿತದ್ದು ಅದೇ ವಿಶ್ವವಿದ್ಯಾಲಯದಲ್ಲಿ. ಅವನದೊಂದು ಉಪ್ಪಿನ ಮೂರ್ತಿಯೂ ಗಣಿಯೊಳಗಿದೆ. 1772ರಲ್ಲಿ ಪೋಲೆಂಡನ್ನು ಮೊದಲ ಸಲ ಹರಿದು ಹಂಚಿಕೊಂಡಾಗ ಆಸ್ಟ್ರಿಯಾ ಈ ಭಾಗವನ್ನು ತೆಗೆದುಕೊಂಡಿತು. ಉಪ್ಪಿನ ಗಣಿಯೂ ಕೈತಪ್ಪಿತು. ಆ ಮೇಲೆ ಪೋಲೆಂಡಿನ ಜನ ತಮ್ಮ ನೆಲದ ಉಪ್ಪನ್ನೇ ಪರದೇಶದವರಿಂದ ಕೊಂಡರು. ಇದು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು.

ಕತ್ತಲಲ್ಲಿ ಕಟ್ಟಿದ ಗುಡಿ

ಗಣಿ ಎಂದರೆ ರಾಜರ ಖಜಾನೆ ಅಷ್ಟೇ ಅಲ್ಲ. ಉಪ್ಪು ತೆಗೆದ ಜಾಗ ದೊಡ್ಡ ದೊಡ್ಡ ಕೋಣೆಗಳಾಗುತ್ತವೆ. ಮೇಲಿನ ಭಾರ ಕುಸಿಯದಂತೆ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಆಸರೆ ಕೊಟ್ಟಿದ್ದಾರೆ. ಕಾಡುಗಳೇ ಒಳಗೆ ಇಳಿದಿವೆ. ಉಪ್ಪು ಹಿಡಿದ ಮರ ಕೊಳೆಯುವುದಿಲ್ಲ, ಶತಮಾನದ ಮೇಲೆ ಶತಮಾನ ಕಲ್ಲಿನ ಹಾಗೆ ನಿಲ್ಲುತ್ತದೆ. ಉಪ್ಪಿನಕಾಯಿಯ ಗುಟ್ಟು ಅದೇ ಅಲ್ಲವೇ!

ಇಲ್ಲಿನ ದೊಡ್ಡ ಭಯ ಎರಡು, ಗಾಳಿ ಮತ್ತು ನೀರು. ಗಾಳಿ ಎಂದರೆ ಮೀಥೇನ್. ಹಗುರವಾದ್ದರಿಂದ ಚಾವಣಿಯ ಕೆಳಗೆ ಸೇರುತ್ತಿತ್ತು. ಅದು ಬಹಳ ಸೇರಿ ಸಿಡಿಯುವ ಮೊದಲೇ ಸುಟ್ಟುಬಿಡುವುದಕ್ಕೆ ಕೆಲವರು ಒದ್ದೆ ಬಟ್ಟೆ ಉಟ್ಟು, ಉದ್ದ ಕೋಲಿನ ತುದಿಗೆ ಪಂಜು ಕಟ್ಟಿಕೊಂಡು, ನೆಲದ ಮೇಲೆ ತೆವಳುತ್ತಾ ಹೋಗುತ್ತಿದ್ದರು. ಅವರಿಗೆ 'ಪ್ರಾಯಶ್ಚಿತ್ತದವರು' ಎಂದು ಹೆಸರು. ಆ ದೃಶ್ಯವನ್ನು ಬೊಂಬೆಗಳಲ್ಲಿ ಮಾಡಿಟ್ಟಿದ್ದಾರೆ. ಕುದುರೆಗಳ ಬೊಂಬೆಗಳೂ ಇವೆ. ಗಾಣದೆತ್ತಿನ ಹಾಗೆ ಸುತ್ತುತ್ತಾ ಉಪ್ಪಿನ ಹೊರೆ ಎತ್ತುತ್ತಿದ್ದವು. ಬಾಸ್ಕಾ ಎಂಬ ಕಟ್ಟಕಡೆಯ ಕುದುರೆಯನ್ನು 2002ರಲ್ಲಿ ಮೇಲಕ್ಕೆ ತಂದರು.

101 ಮೀಟರ್ ಆಳದಲ್ಲಿ ಸಂತ ಕಿಂಗಾಳ ಪ್ರಾರ್ಥನಾ ಮಂದಿರವಿದೆ. ಇಲ್ಲಿ ನಾನು ಮೂಕನಾದೆ. ಐವತ್ತು ಮೀಟರ್ ಮೀರಿದ ಉದ್ದದ ಸಭಾಂಗಣ. ನೆಲ ಉಪ್ಪು, ಅದನ್ನೇ ಹಾಸುಗಲ್ಲಿನ ಹಾಗೆ ಕೊರೆದಿದ್ದಾರೆ. ಪೀಠ ಉಪ್ಪು, ಮೂರ್ತಿಗಳು ಉಪ್ಪು, ಮೇಲೆ ತೂಗುವ ದೀಪದ ಗೊಂಚಲಿಗೆ ಹರಳುಗಳೂ ಉಪ್ಪು. 1896ರಲ್ಲಿ ಯೂಝೆಫ್ ಮಾರ್ಕೋವ್ಸ್ಕಿ ಎಂಬ ಗಣಿ ಕೆಲಸಗಾರ ಕೆತ್ತಲು ಶುರು ಮಾಡಿದ. ಅವನ ನಂತರ ತಮ್ಮ ತೋಮಾಶ್, ಅವನ ನಂತರ ಆಂಟನಿ ವಿರೋಡೆಕ್. ಮೂವರೂ ಗಣಿಯಲ್ಲಿ ದುಡಿದವರೇ. 1963ರವರೆಗೆ, ಹೆಚ್ಚುಕಡಿಮೆ ಎಪ್ಪತ್ತು ವರ್ಷ ಈ ಕೆಲಸ ನಡೆಯಿತು. ವಿರೋಡೆಕ್ ಗೋಡೆಯ ಮೇಲೆ ಲಿಯೊನಾರ್ಡೊನ 'ಕೊನೆಯ ಭೋಜನ'ವನ್ನು ಕೆತ್ತಿದ್ದಾನೆ. ಕೆಲವೇ ಬೆರಳು ದಪ್ಪದ ಕೆತ್ತನೆ, ಆದರೆ ಆ ಮೇಜಿನ ಹಿಂದೆ ಆಳವಾದ ಕೋಣೆ ಇದೆ ಅನ್ನಿಸುತ್ತದೆ.

ಹಾನಗಲ್ಲಿನ ತಾರಕೇಶ್ವರ ಗುಡಿಯ ಚಾವಣಿಯಲ್ಲಿ ಅರಳಿದ ದೊಡ್ಡ ಕಮಲವನ್ನು ನೋಡಿದವರಿಗೆ ಕೆತ್ತನೆ ಹೊಸದಲ್ಲ. ಆದರೆ ಆ ಗುಡಿ ಕಟ್ಟಿದವರಿಗೆ ಬೆಳಕಿತ್ತು, ರಾಜಾಶ್ರಯವಿತ್ತು. ಇಲ್ಲಿ ಪಾಳಿ ಮುಗಿಸಿದ ಕೂಲಿಕಾರರು ಎಣ್ಣೆ ದೀಪದಲ್ಲಿ ಕೆತ್ತಲು ತೊಡಗಿದರು. ಬೆಳಿಗ್ಗೆ ಕೆಳಗೆ ಇಳಿದವನು ಸಂಜೆ ಮೇಲೆ ಬರುವ ಖಾತ್ರಿ ಇರಲಿಲ್ಲ, ಅದಕ್ಕೇ ಗುಡಿ ಕೆಲಸದ ಜಾಗದಲ್ಲೇ ಬೇಕಾಗಿತ್ತು. ಗಣಿಯವರು ಇವತ್ತಿಗೂ ಒಬ್ಬರಿಗೊಬ್ಬರು ನಮಸ್ಕಾರ ಹೇಳುವುದು 'ದೇವರು ಕಾಯಲಿ' ಎಂಬರ್ಥದ ಮಾತಿನಿಂದ.

ನಮ್ಮ ನೆಲದಲ್ಲಿ ಯಾಕಿಲ್ಲ?

ಮೇಲೆ ಬರುವಾಗ ಮೆಟ್ಟಿಲಿಲ್ಲ, ಪುಣ್ಯಕ್ಕೆ ಲಿಫ್ಟು. ಗಣಿಯವರದೇ ಹಳೆಯ ಪಂಜರದಂಥ ಲಿಫ್ಟು. ಕತ್ತಲಲ್ಲಿ ಎಂಟೊಂಬತ್ತು ಜನ ಮೈಗೆ ಮೈ ತಾಗಿಸಿ ನಿಂತಿದ್ದೆವು. ಆಗ ನಮ್ಮ ಅಜ್ಜಿಯ ದನಿ ಕಿವಿಯಲ್ಲಿ ಕೇಳಿಸಿದ ಹಾಗಾಯಿತು. "ಉಪ್ಪು ಚೆಲ್ಲಬ್ಯಾಡ್ಲೇ ತಮ್ಮಾ, ಸತ್ತ ಮ್ಯಾಲೆ ಕಣ್ಣರೆಪ್ಪೀಲೆ ಆರಸೂದು ಬರ್ತದ." ಎಷ್ಟೋ ಮನೆಗಳಲ್ಲಿ ಹಿರಿಯರು ಈ ಮಾತು ಹೇಳುತ್ತಿದ್ದರು. ನಾವು ನಗುತ್ತಿದ್ದೆವು. ಐದು-ಹತ್ತು ಪೈಸೆಯ ಉಪ್ಪಿಗೆ ಇಷ್ಟೊಂದು ಹೆದರಿಕೆ ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಆ ಪ್ರಶ್ನೆ ಕೇಳಲು ನಾನು ಏಳು ಸಾವಿರ ಕಿ.ಮೀ. ದೂರ ಹೋಗಬೇಕಾಯಿತು.

ಉತ್ತರ ಹುಡುಕುತ್ತಾ ಹೋದರೆ ಮೊದಲು ಸಿಕ್ಕಿದ್ದು ಕಲ್ಲು. ಕರ್ನಾಟಕದಲ್ಲಿ ಉಪ್ಪಿನ ಗಣಿ ಇಲ್ಲ, ಇರುವುದಕ್ಕೆ ದಾರಿಯೂ ಇಲ್ಲ. ನಮ್ಮ ಕಾಲ ಕೆಳಗಿರುವುದು ಭೂಮಿಯ ಅತಿ ಹಳೆಯ ಕಲ್ಲುಗಳಲ್ಲಿ ಕೆಲವು, ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನವು. ಭೂವಿಜ್ಞಾನಿಗಳು ಅವುಗಳಲ್ಲಿ ಒಂದು ಬಗೆಗೆ ನಮ್ಮ ಧಾರವಾಡದ ಹೆಸರನ್ನೇ ಇಟ್ಟಿದ್ದಾರೆ. ಸಮುದ್ರ ಬತ್ತಿ ಉಪ್ಪು ಹೂತ ಪದರ ಇಲ್ಲಿಲ್ಲ. ಅಂಥ ಹಳೆಯ ಕಲ್ಲುಗಳ ಪಟ್ಟಿಯಲ್ಲೇ ಕೋಲಾರದಲ್ಲೂ ಹಟ್ಟಿಯಲ್ಲೂ ಚಿನ್ನ ಸಿಕ್ಕಿತು. ಚಿನ್ನ ಕೊಟ್ಟ ನೆಲ ಉಪ್ಪು ಕೊಡಲಿಲ್ಲ!

ಹಾಗಾದರೆ ನಮ್ಮ ಮನೆಗಳಲ್ಲಿ ಏಕಾದಶಿಗೆ, ಶಿವರಾತ್ರಿಯ ಉಪವಾಸಕ್ಕೆ ಬಳಸುವ ಸೈಂಧವ ಲವಣ? ಹೆಸರಲ್ಲೇ ಊರು ಇದೆ, ಸಿಂಧೂ ದೇಶದ್ದು ಸೈಂಧವ. ಅದರ ದೊಡ್ಡ ಗಣಿ ಖೇವಡಾ, ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿ. ಅಲೆಕ್ಸಾಂಡರನ ಕುದುರೆಗಳು ಅಲ್ಲಿನ ಕಲ್ಲು ನೆಕ್ಕಿದ್ದರಿಂದ ಉಪ್ಪು ಪತ್ತೆಯಾಯಿತು ಎಂಬ ಕಥೆ ಅಲ್ಲಿದೆ. ಅಲ್ಲೂ ಪ್ರವಾಸಿಗರನ್ನು ಒಳಗೆ ಕರೆದೊಯ್ಯುತ್ತಾರೆ, ಉಪ್ಪಿನ ಇಟ್ಟಿಗೆಯ ಮಸೀದಿ ತೋರಿಸುತ್ತಾರೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದಿಂದ ಬರುವ ಎಲ್ಲ ಸರಕನ್ನೂ ಭಾರತ ನಿಲ್ಲಿಸಿದಾಗ ಆ ಉಪ್ಪೂ ನಿಂತಿತು. ನಮ್ಮ ದೇಶದೊಳಗೆ ಕಲ್ಲುಪ್ಪಿನ ಗಣಿ ಬೇಕೆಂದರೆ ಹಿಮಾಚಲದ ಮಂಡಿ ಜಿಲ್ಲೆಗೆ ಹೋಗಬೇಕು, ಗುಮ್ಮಾ ಮತ್ತು ದ್ರಂಗ್ ಎಂಬ ಊರುಗಳಿಗೆ.

ಮಣ್ಣಿನಿಂದ ಉಪ್ಪು

ಗಣಿ ಇಲ್ಲ ಸರಿ. ಆದರೆ ನಮ್ಮ ನೆಲದಿಂದ ಉಪ್ಪು ತೆಗೆಯುವ ಕಸುಬು ಇತ್ತು. ಎರೆಸೀಮೆಯಲ್ಲಿ ಬೇಸಿಗೆಗೆ ಕೆಲವು ಜಾಗದಲ್ಲಿ ನೆಲದ ಮೇಲೆ ಬೆಳ್ಳಗೆ ಹಿಟ್ಟು ಚೆಲ್ಲಿದ ಹಾಗೆ ಆಗುತ್ತದಲ್ಲ, ರೈತರು ಸವುಳು ಎಂದು ಬೈಯುತ್ತಾರಲ್ಲ, ಅದೇ ಕಚ್ಚಾ ಮಾಲು. ಆ ಮಣ್ಣನ್ನು ಕೆರೆದು ತಂದು, ಎತ್ತರದ ತೊಟ್ಟಿಯಲ್ಲಿ ಹುಲ್ಲು ಹಾಸಿ ಅದರ ಮೇಲೆ ತುಂಬುತ್ತಿದ್ದರು. ಮೇಲಿಂದ ನೀರು ಹೊಯ್ದರೆ ಮಣ್ಣಿನ ಉಪ್ಪು ಕರಗಿ ಕೆಳಗೆ ಬಸಿದು ಬರುತ್ತದೆ. ಆ ನೀರನ್ನು ಗಾರೆ ಹಾಕಿದ ಅಗಲವಾದ ಕಟ್ಟೆಗಳಲ್ಲಿ ಬಿಸಿಲಿಗೆ ಬಿಟ್ಟರೆ ಉಪ್ಪು ಕಟ್ಟುತ್ತದೆ. ಬಸಿದು ಉಳಿದ ಮಣ್ಣು ಪಕ್ಕದಲ್ಲೇ ಗುಡ್ಡೆಯಾಗಿ ಬೆಳೆಯುತ್ತದೆ. ಹೆಚ್ಚು ಬಿಳಿ ಇಲ್ಲ, ಸ್ವಲ್ಪ ಕಹಿ ಬೆರೆತ ಉಪ್ಪು. ಆದರೆ ಬಡವರ ಗಡಿಗೆಗೂ ದನಕರುಗಳಿಗೂ ಅದೇ ಆಗುತ್ತಿತ್ತು. 1800-01ರಲ್ಲಿ ಟಿಪ್ಪುವಿನ ನಂತರದ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂಥ ಮಣ್ಣುಪ್ಪಿನ ಬಗ್ಗೆ ಬರೆದಿದ್ದಾನೆ.

ಈ ಕಸುಬು ಮಾಡಿದವರು ಉಪ್ಪಾರರು. ಕಸುಬೇ ಹೆಸರಾದ ಸಮುದಾಯ. ಭಗೀರಥ ನಮ್ಮ ಮೂಲಪುರುಷ ಎನ್ನುತ್ತಾರೆ ಅವರು. ಇವತ್ತು ಅವರಲ್ಲಿ ಎಷ್ಟು ಜನ ಉಪ್ಪು ಮಾಡುತ್ತಾರೆ? ಮನೆ ಕಟ್ಟುವವರಿದ್ದಾರೆ, ಮಣ್ಣು ಕೆಲಸದವರಿದ್ದಾರೆ, ಒಕ್ಕಲುತನದವರಿದ್ದಾರೆ. ಉಪ್ಪು ಹೆಸರಿನಲ್ಲಿ ಮಾತ್ರ ಉಳಿಯಿತು. ಯಾಕೆಂದರೆ ಬ್ರಿಟಿಷರ ಉಪ್ಪಿನ ಕಾನೂನು. 1882ರ ಭಾರತ ಉಪ್ಪಿನ ಕಾಯ್ದೆ, ನಮ್ಮ ಭಾಗಕ್ಕೆ 1890ರ ಮುಂಬಯಿ ಉಪ್ಪಿನ ಕಾಯ್ದೆ. ಲೈಸೆನ್ಸ್ ಇಲ್ಲದೆ ಉಪ್ಪು ಮಾಡುವಂತಿಲ್ಲ, ಸವುಳು ಮಣ್ಣು ಕೆರೆಯುವುದೂ ತಪ್ಪು. ಊರೂರಿಗೆ ಚದುರಿದ ಸಣ್ಣ ಸಣ್ಣ ಕಟ್ಟೆಗಳಿಂದ ತೆರಿಗೆ ವಸೂಲು ಮಾಡುವುದು ಸರ್ಕಾರಕ್ಕೆ ತ್ರಾಸಿನ ಕೆಲಸ. ಅದಕ್ಕಿಂತ ಅವನ್ನು ಮುಚ್ಚಿಸುವುದೇ ಸುಲಭ. ಒಂದೇ ಕಡೆ ರಾಶಿ ಬೀಳುವ ಸಮುದ್ರದುಪ್ಪನ್ನು ಕಾಯುವುದು ಇನ್ನೂ ಸುಲಭ.

ಘಟ್ಟ ಹತ್ತಿದ ಉಪ್ಪು

ಆ ಸಮುದ್ರದುಪ್ಪು ನಮಗೆ ಬರುತ್ತಿದ್ದುದು ಗೋಕರ್ಣದ ಹತ್ತಿರದ ಸಾಣಿಕಟ್ಟೆಯಿಂದ. ಅಘನಾಶಿನಿ ಸಮುದ್ರ ಸೇರುವ ಜಾಗ. ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು, ಪಾತಿಯಿಂದ ಪಾತಿಗೆ ಹರಿಸಿ, ಬಿಸಿಲಿಗೆ ಬಿಟ್ಟು, ಕಟ್ಟಿದ ಉಪ್ಪನ್ನು ಎಳೆದು ರಾಶಿ ಮಾಡುತ್ತಾರೆ. ಮಳೆ ಬೀಳುವ ಮೊದಲು, ಬೇಸಿಗೆಯಲ್ಲೇ ಎಲ್ಲ ಮುಗಿಯಬೇಕು. ಉಪ್ಪು ಬೆಳೆಯುವ ಗದ್ದೆಗೆ ಆಗರ ಎಂದು ಹೆಸರು. ಅದರಲ್ಲಿ ದುಡಿಯುತ್ತಾ ಬಂದವರು ಆಗೇರರು. ಇಲ್ಲೂ ಕಸುಬೇ ಹೆಸರು ನೋಡಿ.

ಗಾಡಿಯವರು ಧಾರವಾಡ ಸೀಮೆಯ ಹತ್ತಿ ಅಂಡಿಗೆಗಳನ್ನು ಹೇರಿಕೊಂಡು ಕುಮಟೆಗೆ ಇಳಿಯುತ್ತಿದ್ದರು. 1861-65ರ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಬಂದರಿನ ಹೆಸರಿನಿಂದ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು ಬಿತ್ತು, ಬೆಳೆದದ್ದು ಮಾತ್ರ ನಮ್ಮ ಎರೆಹೊಲದಲ್ಲಿ. ಹಿಂದಿರುಗುವಾಗ ಖಾಲಿ ಗಾಡಿ ಯಾರು ಹೊಡೆಯುತ್ತಾರೆ? ಉಪ್ಪು, ತೆಂಗಿನಕಾಯಿ ಹೇರಿಕೊಂಡು ದೇವಿಮನೆ ಘಟ್ಟ, ಅರಬೈಲು ಘಟ್ಟ ಹತ್ತುತ್ತಿದ್ದರು. ಅದಕ್ಕೂ ಮೊದಲು, ರಸ್ತೆ ಇಲ್ಲದ ಕಾಲದಲ್ಲಿ, ಎತ್ತಿನ ಬೆನ್ನ ಮೇಲೆ ಉಪ್ಪು ಸಾಗಿಸಿದವರು ಲಮಾಣಿಗಳು. ಆ ಹೆಸರು ಲವಣದಿಂದಲೇ ಬಂತು ಎನ್ನುವವರಿದ್ದಾರೆ. ನಮ್ಮ ಸುತ್ತಿನ ತಾಂಡಾಗಳ ಹಿರಿಯರು ಒಂದು ಕಾಲಕ್ಕೆ ಅರ್ಧ ಹಿಂದೂಸ್ತಾನ ತಿರುಗಿದವರು.

ಆಮೇಲೆ ರೈಲು ಬಂತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಮೀಟರ್ ಗೇಜ್ ಹಳಿ ಹಾಸಿತು. ನಮ್ಮೂರ ಮುಂದೆ ಗಾಡಿ ಓಡತೊಡಗಿತು. ಈ ರೈಲಿಗೂ ಉಪ್ಪಿಗೂ ಒಂದು ನಂಟಿದೆ, ಅದನ್ನು ತಿಳಿದಾಗ ನನಗೆ ಆಶ್ಚರ್ಯವಾಯಿತು. ಆ ವರೆಗೆ ಗೋವೆಯ ಉಪ್ಪೂ ಘಟ್ಟ ಹತ್ತಿ ಬರುತ್ತಿತ್ತು, ಕದ್ದು ಬರುವುದೂ ಇತ್ತು. 1878ರ ಡಿಸೆಂಬರಿನಲ್ಲಿ ಬ್ರಿಟಿಷರು ಪೋರ್ಚುಗೀಸರ ಜೊತೆ ಒಂದು ಒಪ್ಪಂದ ಮಾಡಿಕೊಂಡರು. ಗೋವೆಯಲ್ಲಿ ಉಪ್ಪು ಮಾಡುವ, ಮಾರುವ ಹತೋಟಿ ಬ್ರಿಟಿಷರಿಗೆ. ಬದಲಿಗೆ ಪೋರ್ಚುಗೀಸರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ. ಇದೇ ಒಪ್ಪಂದದಲ್ಲಿ ಮುರಗಾಂವ್ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲು ಹಾಕುವ ಮಾತೂ ಇತ್ತು. ಆ ಹಳಿ ಕ್ಯಾಸಲ್‌ರಾಕ್ ಹತ್ತಿ ಬಂದು ನಮ್ಮ ಮರಾಠಾ ರೈಲ್ವೆಗೆ ಕೂಡಿತು. ಒಂದೇ ಕಾಗದದಲ್ಲಿ ರೈಲು ಬಂತು, ಉಪ್ಪಿಗೆ ಬೀಗ ಬಿತ್ತು. ಒಪ್ಪಂದ 1892ಕ್ಕೆ ಮುಗಿಯಿತು.

ತೆರಿಗೆ ಎಷ್ಟಿತ್ತು ಎಂದು ನೋಡಿದರೆ ಅಜ್ಜಿಯ ಹೆದರಿಕೆ ಅರ್ಥವಾಗುತ್ತದೆ. 1888ರಲ್ಲಿ ಒಂದು ಮಣ, ಅಂದರೆ ಸುಮಾರು 37 ಕಿಲೋ ಉಪ್ಪಿಗೆ ಎರಡೂವರೆ ರೂಪಾಯಿ ತೆರಿಗೆ. ಉಪ್ಪು ಮಾಡುವ ಖರ್ಚು ಮಣಕ್ಕೆ ಕೆಲವೇ ಆಣೆ. ನಡುವೆ ಇಳಿಯಿತು, ಒಂದು ರೂಪಾಯಿಗೂ ಬಂತು, 1923ರಲ್ಲಿ ಮತ್ತೆ ಎರಡೂವರೆಗೆ ಏರಿಸಿದರು, ಮರುವರ್ಷ ಕೂಗಾಟವಾಗಿ ಒಂದೂಕಾಲಿಗೆ ಇಳಿಸಿದರು. ಹೊಲದಲ್ಲಿ ಬೆವರು ಸುರಿಸುವವನಿಗೆ ನೆರಳಲ್ಲಿ ಕೂತವನಿಗಿಂತ ಹೆಚ್ಚು ಉಪ್ಪು ಬೇಕು. ಅಂದರೆ ಯಾರು ಹೆಚ್ಚು ದುಡಿಯುತ್ತಾರೋ ಅವರೇ ಹೆಚ್ಚು ತೆರಿಗೆ ಕೊಡಬೇಕು! ಅಜ್ಜಿಗೆ ಕಾಯ್ದೆ ಗೊತ್ತಿರಲಿಲ್ಲ. ಚೆಲ್ಲಿದ ಉಪ್ಪು ಎಷ್ಟಕ್ಕೆ ಬಂದದ್ದೆಂದು ಅವಳ ಅವ್ವನಿಗೆ ಗೊತ್ತಿತ್ತು. ಕಣ್ಣರೆಪ್ಪೆಯ ಮಾತಿಗೆ ಬೇರೆ ಬೇರುಗಳೂ ಇರಬಹುದು, ಆದರೆ ಆ ದಿನಗಳಲ್ಲಿ ಅದು ನಾಲ್ಕು ಪಟ್ಟು ಗಟ್ಟಿಯಾಗಿರಬೇಕು ಎಂದು ನನ್ನ ಊಹೆ.

ಮೋಟೆಬೆನ್ನೂರಿನ ಹುಡುಗ

1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಜೊತೆಗೆ ಆರಿಸಿಕೊಂಡವರು 78 ಜನ. ಅವರಲ್ಲಿ ಕರ್ನಾಟಕದವರು ಒಬ್ಬರೇ, ಮೈಲಾರ ಮಹಾದೇವಪ್ಪ. ಊರು ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರು. ನಮ್ಮದೇ ಹಾವೇರಿ ಜಿಲ್ಲೆ. 1911ರಲ್ಲಿ ಹುಟ್ಟಿದವರು, ಆಗಿನ್ನೂ ಹದಿನೆಂಟರ ಹುಡುಗ. ಸುಮಾರು 385 ಕಿ.ಮೀ. ನಡೆದು, ಏಪ್ರಿಲ್ 6ರಂದು ಕಡಲ ದಂಡೆಯಲ್ಲಿ ಹಿಡಿ ಉಪ್ಪು ಎತ್ತಿದಾಗ ಆ ಗುಂಪಿನಲ್ಲಿ ನಮ್ಮ ಎರೆಸೀಮೆಯ ಒಂದು ಜೊತೆ ಕಾಲುಗಳೂ ಇದ್ದವು.

ಒಂದು ವಾರದ ಮೇಲೆ, ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆಯಿತು. ಸಾವಿರಾರು ಜನ ಸೇರಿದ್ದರು. ಕಡಲ ನೀರಿನಿಂದ ಮಾಡಿದ ಉಪ್ಪನ್ನು ಅಲ್ಲೇ ಹರಾಜು ಹಾಕಿದರು. 1931ರ ಗಾಂಧಿ-ಇರ್ವಿನ್ ಒಪ್ಪಂದದಲ್ಲಿ ಉಪ್ಪು ಸಿಗುವ ಕಡೆಯ ಹಳ್ಳಿಗರು ಸ್ವಂತಕ್ಕೆ ಮಾಡಿಕೊಳ್ಳಬಹುದು ಎಂದಾಯಿತು. ತೆರಿಗೆ ಪೂರ್ತಿ ಹೋದದ್ದು 1947ರ ಏಪ್ರಿಲ್‌ನಲ್ಲಿ, ಸ್ವಾತಂತ್ರ್ಯಕ್ಕೆ ನಾಲ್ಕು ತಿಂಗಳ ಮೊದಲು.

ಮಹಾದೇವಪ್ಪನವರು ಅದನ್ನು ನೋಡಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಸರ್ಕಾರ ಕಂದಾಯ ವಸೂಲು ಮಾಡಿ ಇಟ್ಟಿದ್ದ ಗುಡಿಯ ಮೇಲೆ ಸಂಗಡಿಗರೊಂದಿಗೆ ದಾಳಿ ಮಾಡಿದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹಾದೇವಪ್ಪನವರಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ಅವರ ಹೆಂಡತಿ ಸಿದ್ದಮ್ಮನವರೂ ಸೆರೆಮನೆ ಕಂಡವರು. ಸಾಲೆಯಲ್ಲಿ ನಮಗೆ ದಂಡಿಯ ಚಿತ್ರ ತೋರಿಸಿದ್ದರು. ಅದರೊಳಗೆ ನಮ್ಮ ಜಿಲ್ಲೆಯವರೊಬ್ಬರು ಇದ್ದಾರೆಂಬುದು ತಲೆಗೆ ಹೋಗಿದ್ದು ಎಷ್ಟೋ ತಡವಾಗಿ.

ಉಳಿಸಿಕೊಳ್ಳುವುದು

ವಿಯೆಲಿಚ್ಕಾದಲ್ಲಿ ವ್ಯಾಪಾರಕ್ಕಾಗಿ ಉಪ್ಪು ಅಗೆಯುವುದು 1996ರಲ್ಲಿ ನಿಂತಿತು. ಅದಕ್ಕೆ ಮೊದಲೇ, 1978ರಲ್ಲಿ, ಯುನೆಸ್ಕೋ ವಿಶ್ವ ಪರಂಪರೆಯ ಮೊಟ್ಟಮೊದಲ ಹನ್ನೆರಡು ತಾಣಗಳ ಪಟ್ಟಿಯಲ್ಲಿ ಅದು ಸೇರಿತ್ತು. ಸಲೀಸಾಗಿ ಉಳಿಯಲಿಲ್ಲ. ಜನರ ಉಸಿರಿನ ಪಸೆಗೆ ಮೂರ್ತಿಗಳು ಕರಗತೊಡಗಿ 1989ರಲ್ಲಿ ಅಪಾಯದ ಪಟ್ಟಿಗೆ ಹೋಯಿತು. 1992ರಲ್ಲಿ ಒಂದು ಸುರಂಗಕ್ಕೆ ನೀರು ನುಗ್ಗಿ ಮೇಲಿನ ಊರಿನ ನೆಲವೇ ಕುಸಿಯಿತು. ಗಾಳಿಯಾಡುವ ವ್ಯವಸ್ಥೆ ಮಾಡಿ, ನೀರು ಹೊರಹಾಕಿ, 1998ರಲ್ಲಿ ಅಪಾಯದ ಪಟ್ಟಿಯಿಂದ ಬಿಡಿಸಿಕೊಂಡರು. ಒಳಗೆ ಜಿನುಗುವ ಉಪ್ಪುನೀರನ್ನು ಇವತ್ತಿಗೂ ಮೇಲೆತ್ತುತ್ತಾರೆ, ಅದರಿಂದ ಉಪ್ಪನ್ನೂ ಮಾಡುತ್ತಾರೆ. 2019ರಲ್ಲಿ ನೋಡಲು ಬಂದವರು 18 ಲಕ್ಷಕ್ಕೂ ಹೆಚ್ಚು.

ನಮ್ಮ ಕೋಲಾರದ ಗಣಿ 3 ಕಿ.ಮೀ.ಗಿಂತಲೂ ಆಳ. ಅದಕ್ಕಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಎಳೆದರು. 2001ರ ಫೆಬ್ರವರಿ 28ರಂದು ಅದನ್ನು ಮುಚ್ಚಿದರು. ಪಂಪು ನಿಂತಿತು, ಬಾವಿಗಳಲ್ಲಿ ನೀರು ತುಂಬಿತು. ಚಿನ್ನ ಕೊಟ್ಟ ಗಣಿಗೇ ಈ ಗತಿಯಾದರೆ, ಸವುಳು ಮಣ್ಣಿನ ಗುಡ್ಡೆಗಳನ್ನು ಯಾರು ಕೇಳುತ್ತಾರೆ?

ಹಾಗೆಂದು ನನಗೆ ವಿಯೆಲಿಚ್ಕಾದ ಹಾಗೆ ಟಿಕೆಟ್ಟು, ಸಾಲು, ಅಂಗಡಿ ಎಲ್ಲಾ ನಮ್ಮಲ್ಲೂ ಆಗಬೇಕು ಎಂಬ ಹಟವಿಲ್ಲ. ಸಾಣಿಕಟ್ಟೆಯಲ್ಲಿ ಇವತ್ತಿಗೂ ಉಪ್ಪು ಬೆಳೆಯುತ್ತಾರೆ. ಗೋಕರ್ಣಕ್ಕೆ ಹೋದವರು ಬೇಸಿಗೆಯಲ್ಲಾದರೆ ಅರ್ಧ ಗಂಟೆ ಅಲ್ಲಿ ನಿಂತು, ಬಿಸಿಲಲ್ಲಿ ಉಪ್ಪು ಎಳೆಯುವವರ ಕಾಲುಗಳನ್ನು ನೋಡಿ ಬರಬಹುದು. ಯಾವ ಟಿಕೆಟ್ಟೂ ಬೇಡ. ನಮ್ಮ ಅಂಗಡಿಗೆ ಈಗ ಬರುವುದು ಬಹುಪಾಲು ಗುಜರಾತಿನ ಪ್ಯಾಕೆಟ್ ಉಪ್ಪು. ಅಯೋಡಿನ್ ಬೆರೆಸಿದ್ದು, ಗಳಗಂಡ ಬಾರದಂತೆ ಕಾಯುವುದು, ಅದು ಒಳ್ಳೆಯದೇ. ಹರಳುಪ್ಪಿನ ಗಡಿಗೆ ಮಾತ್ರ ಅಡಿಗೆಮನೆಯಿಂದ ಹೋಯಿತು.

ಪೋಲೆಂಡಿನಿಂದ ಬಂದ ಮೇಲೆ ಊರಿಗೆ ಹೋಗಿದ್ದೆ. ಅಲ್ಲಿ ಕೊಂಡಿದ್ದ ಬೂದು ಉಪ್ಪಿನ ಸಣ್ಣ ತುಂಡನ್ನು ಅವ್ವನ ಕೈಗೆ ಕೊಟ್ಟೆ. ಅವಳು ತಿರುಗಿಸಿ ನೋಡಿ, ನಾಲಗೆಗೆ ಹಚ್ಚಿ, "ಉಪ್ಪು ಎಲ್ಲಿದಾದ್ರೂ ಉಪ್ಪss ಬಿಡೋ" ಎಂದಳು. ಆಮೇಲೆ ಅದನ್ನು ದೇವರ ಜಗುಲಿಯ ಮೂಲೆಯಲ್ಲಿ ಇಟ್ಟಳು. ಈಗಲೂ ಅಲ್ಲೇ ಇದೆ, ಮಳೆಗಾಲದಲ್ಲಿ ಸ್ವಲ್ಪ ಬೆವರುತ್ತದೆ.

ಮರುದಿನ ಯಲವಿಗಿಯಲ್ಲಿ ಪ್ಯಾಸೆಂಜರ್ ಹತ್ತಿ ಹಾವೇರಿಗೆ ಹೋದೆ. ಸವಣೂರು, ಕರಜಗಿ ಆಯಿತು. ಹಾವೇರಿ ನಿಲ್ದಾಣದಲ್ಲಿ ಇಳಿದು ತಲೆ ಎತ್ತಿ ಬೋರ್ಡು ಓದಿದೆ. ಆ ನಿಲ್ದಾಣಕ್ಕೆ ಈಗ ಮಹಾದೇವಪ್ಪ ಮೈಲಾರರ ಹೆಸರು. ಎಷ್ಟು ಸಲ ಅದರ ಕೆಳಗೆ ಚಹಾ ಕುಡಿಯುತ್ತಾ ನಿಂತಿದ್ದೆನೋ, ಹೆಸರು ಯಾರದೆಂದು ಯೋಚಿಸಿರಲಿಲ್ಲ. ಅವತ್ತು ಗಾಡಿ ಹೊರಟು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ನಿಮ್ಮೂರಿಗೆ ಉಪ್ಪು ಎಲ್ಲಿಂದ ಬರುತ್ತಿತ್ತು? ಯಾರು ತರುತ್ತಿದ್ದರು? ಮನೆಯಲ್ಲಿ ಹಿರಿಯರಿದ್ದರೆ ಒಮ್ಮೆ ಕೇಳಿ ನೋಡಿ. ಧಾರವಾಡ ತಾಲೂಕಿನಲ್ಲಿ ಉಪ್ಪಿನ ಬೆಟಗೇರಿ ಎಂಬ ಊರೇ ಇದೆ. ಅಂಥ ಹೆಸರುಗಳ ಹಿಂದೆ ಏನೇನಿದೆಯೋ, ಕೇಳುವವರಿದ್ದರೆ ಹೇಳುವವರು ಇನ್ನೂ ಇದ್ದಾರೆ.